ಸ್ಟ್ರೋಕ್ ಆದ ಮೇಲೆ ಅಪ್ಪ ಬದಲಾಗಿದ್ದಾರೆ, ಇದು ಸೋಮಾರಿತನವಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿತ್ತು. ಕೈಕಾಲು ಬಹಳಷ್ಟು ಸರಿಹೋಗಿದೆ. ಆದರೆ ಸ್ನಾನಕ್ಕೆ ಹೋಗಿ ಅಂದರೆ ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದು ಸುಮ್ನೆ ಕೂತುಬಿಡುತ್ತಾರೆ. ಟಿವಿ ನೋಡುತ್ತಾ ಇದ್ದಕ್ಕಿದ್ದ ಹಾಗೆ ಅಳುತ್ತಾರೆ. ಹಳೆಯದೆಲ್ಲ ನೆನಪಿದೆ, ಹಾಗಾಗಿ ಡಿಮೆನ್ಷಿಯಾ ಅಲ್ಲ ಅಲ್ವಾ? ನಾನು ಒಂದೆರಡು ಸಲ ರೇಗಿದ್ದೂ ಇದೆ.

ಉತ್ತರ: ನೆನಪು ಚೆನ್ನಾಗಿದೆ ಅಂದ ಮಾತ್ರಕ್ಕೆ ಡಿಮೆನ್ಷಿಯಾ ಇಲ್ಲ ಅನ್ನೋಕಾಗುವುದಿಲ್ಲ. ಸ್ಟ್ರೋಕ್ ನಂತರ ಬರುವ ವ್ಯಾಸ್ಕುಲರ್ ಡಿಮೆನ್ಷಿಯಾದಲ್ಲಿ (ಮಿದುಳಿಗೆ ರಕ್ತ ಸರಿಯಾಗಿ ಹೋಗದೆ ಯೋಚನಾಶಕ್ತಿ ಕುಗ್ಗುವ ಕಾಯಿಲೆ) ಎಷ್ಟೋ ಸಲ ಮೊದಲು ಕೆಡುವುದು ನೆನಪಲ್ಲ, ಒಂದು ಕೆಲಸ ಶುರು ಮಾಡುವ, ಮುಂದೇನು ಅಂತ ಯೋಚಿಸುವ ಶಕ್ತಿ. ಅಂಗಿ ಹಿಡಿದು ಕೂತ ನಿಮ್ಮ ಅಪ್ಪನಿಗೆ ಸ್ನಾನ ಅಂದರೆ ಏನು ಅಂತ ಗೊತ್ತು, ಆದರೆ ಬಿಚ್ಚಿದ ಅಂಗಿಯಿಂದ ಬಚ್ಚಲಿನ ಬಾಗಿಲವರೆಗಿನ ದಾರಿ ಅವರ ತಲೆಯಲ್ಲಿ ಮೂಡುತ್ತಿಲ್ಲದಿರಬಹುದು. ಸೋಮಾರಿತನ ಅಂತೂ ಅನ್ನಬೇಡಿ. ತಡೆಯಲಾಗದ ಅಳು ಕೂಡ ಮಿದುಳಿಗೆ ಆದ ಪೆಟ್ಟಿನಿಂದ ಬರಬಹುದು, ಒಳಗೆ ಅಷ್ಟು ದುಃಖ ಇಲ್ಲದಿದ್ದರೂ.

ಆದರೂ ಇದೇ ಕಾಯಿಲೆ ಅಂತ ಇಲ್ಲಿಂದಲೇ ಹೇಳಲಾರೆ. ಸ್ಟ್ರೋಕ್ ನಂತರದ ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಕೆಲವು ನಿದ್ದೆ ಮಾತ್ರೆಗಳು ಹೆಚ್ಚುಕಮ್ಮಿ ಇದೇ ಥರ ಕಾಣಿಸುತ್ತವೆ, ಅವಕ್ಕೆ ಚಿಕಿತ್ಸೆ ಇದೆ. ನ್ಯೂರಾಲಜಿಸ್ಟ್ ಹತ್ತಿರ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಕವರಿಗೆ ಹಾಕಿಕೊಂಡು ಹೋಗಿ. ಅಪ್ಪ ದಿನೇ ದಿನೇ ಕುಗ್ಗಿದರಾ, ಅಥವಾ ಮೆಟ್ಟಿಲು ಇಳಿದ ಹಾಗೆ ಒಮ್ಮೆ ಕುಸಿದು ಸ್ವಲ್ಪ ದಿನ ಹಾಗೇ ಇದ್ದು ಮತ್ತೆ ಕುಸಿದರಾ ಅನ್ನುವುದನ್ನು ಬರೆದುಕೊಂಡು ಹೋದರೆ ಡಾಕ್ಟರಿಗೆ ತುಂಬಾ ಅನುಕೂಲ.

ಹಾಳಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಇದನ್ನು ನೇರವಾಗಿಯೇ ಹೇಳುತ್ತೇನೆ. ಆದರೆ ಮುಂದಿನ ಸ್ಟ್ರೋಕ್ ತಪ್ಪಿಸುವುದು ಬಹಳ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಮೊದಲ ಸ್ಟ್ರೋಕ್ ನಂತರ ಸುಮಾರು 10 ಜನರಲ್ಲಿ ಒಬ್ಬರಿಗೆ ಹೊಸದಾಗಿ ಡಿಮೆನ್ಷಿಯಾ ಬರುತ್ತದೆ, ಮತ್ತೆ ಸ್ಟ್ರೋಕ್ ಆದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಅದಕ್ಕೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ಹತೋಟಿಯಲ್ಲಿರಬೇಕು. ಎದೆಬಡಿತ ಏರುಪೇರಾಗುತ್ತಿದೆಯಾ ಅಂತ ನೋಡಿಸಿ. ಬೀಡಿ ಸಿಗರೇಟು ಇದ್ದರೆ ಪೂರ್ತಿ ಬಿಡಿಸಿ. ಈಗ ಚೆನ್ನಾಗಿದ್ದಾರಲ್ಲ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ 'ಸ್ನಾನ ಮಾಡಿ' ಅನ್ನುವ ಬದಲು ಒಂದೊಂದೇ ಹೇಳಿ. 'ಅಂಗಿ ಇಲ್ಲಿ ಹಾಕಿ' ಅಂದು ಕಾಯಿರಿ. ಆಮೇಲೆ 'ಬನ್ನಿ, ಬಚ್ಚಲಿಗೆ ಹೋಗೋಣ'. ಉತ್ತರ ಬರೋದು ತಡವಾಗುತ್ತದೆ, ನಡುವೆ ಇನ್ನೊಂದು ಮಾತು ಸೇರಿಸಬೇಡಿ.

ಒಂದೆರಡು ದಿನದಲ್ಲೇ ಗಲಿಬಿಲಿ ಜಾಸ್ತಿಯಾದರೆ ಸೋಂಕು ಇರಬಹುದು, ಅವತ್ತೇ ತೋರಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಜೋತುಬಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಸಿಗುವ ಸಮಯ, ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ.

ರೇಗಿದ್ದಕ್ಕೆ ಕೊರಗಬೇಡಿ, ಗೊತ್ತಿರಲಿಲ್ಲ ಅಷ್ಟೆ. ಮನೆಯ ಉಳಿದವರಿಗೂ ಇದನ್ನು ಓದಿ ಹೇಳಿ, ಎಲ್ಲವನ್ನೂ ನೀವೊಬ್ಬರೇ ಹೊರಬೇಡಿ.