ಜನವೋ ಜನ, ಆದರೂ ನಷ್ಟ!

ಪ್ರಶ್ನೆ: ನಮ್ಮ ಚಿಕ್ಕಪ್ಪ 1989ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದರು. ಈಗಲೂ ಮಾತೆತ್ತಿದರೆ ಅಲ್ಲಿನ ‘ಹಸಿಯೆಂಡಾ’ ಕ್ಲಬ್ಬಿನ ಸುದ್ದಿಯೇ. ಶುಕ್ರವಾರ ರಾತ್ರಿ ಒಳಗೆ ಕಾಲಿಡೋಕೂ ಜಾಗ ಇರುತ್ತಿರಲಿಲ್ಲವಂತೆ. ಅಲ್ಲಿ ಮಡೋನ್ನಾಳನ್ನೂ ನೋಡಿದ್ದೆ ಅಂತಾರೆ. ಅಷ್ಟು ಜನ ಬರುತ್ತಿದ್ದ ಕ್ಲಬ್ ನಷ್ಟವಾಗಿ ಮುಚ್ಚಿತಂತೆ. ಇದೆಲ್ಲ ನಿಜವಾ, ಸುಮ್ನೆ ಬುರುಡೆಯಾ?

ಉತ್ತರ: ಮಡೋನ್ನಾ ವಿಷಯ ಬುರುಡೆ. ಆಕೆ ಅಲ್ಲಿ ಹಾಡಿದ್ದು 1984ರ ಜನವರಿಯಲ್ಲಿ, ಒಂದು ಟೀವಿ ಕಾರ್ಯಕ್ರಮಕ್ಕಾಗಿ. ಚಿಕ್ಕಪ್ಪನ ಮೇಲೆ ಬೇಜಾರಾಗಬೇಡಿ, ಆ ಊರಿನ ಅಭ್ಯಾಸವೇ ಅದು. 1976ರಲ್ಲಿ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್ ಅಲ್ಲಿ ಮೊದಲ ಸಲ ನುಡಿಸಿದಾಗ ಸುಮಾರು ನಲವತ್ತು ಜನ ಇದ್ದರಂತೆ, ಆಮೇಲೆ ‘ನಾನೂ ಇದ್ದೆ’ ಅಂದವರು ಸಾವಿರಾರು!

ಉಳಿದಿದ್ದೆಲ್ಲ ನಿಜ. ನಾನೂ ಆಗ ಅದೇ ಊರಲ್ಲಿದ್ದೆ, ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಕ್ಯೂ ನಿಂತವನೇ. ಒಳಗೆ ಹೋದರೆ ಬಿಸಿ ಹಬೆ ಮುಖಕ್ಕೆ ರಪ್ಪನೆ ಹೊಡೆಯುತ್ತಿತ್ತು. ಕುಣಿಯುವವರ ಬೆವರು ಆವಿಯಾಗಿ ಮೇಲೆ ಹೋಗಿ, ತಣ್ಣಗಿನ ಚಾವಣಿಗೆ ತಾಗಿ, ಮತ್ತೆ ಹನಿಹನಿಯಾಗಿ ನಮ್ಮ ತಲೆ ಮೇಲೇ ಬೀಳುತ್ತಿತ್ತು. ಹೊರಗೂ ಮಳೆ, ಒಳಗೂ ಮಳೆ. ಕಂಬಗಳಿಗೆ ಹಳದಿ-ಕಪ್ಪು ಪಟ್ಟೆ, ರಸ್ತೆ ಅಗೆದ ಕಡೆ ಅಡ್ಡ ಇಡ್ತಾರಲ್ಲ, ಆ ಥರ.

ಮೊದಲು ಅದು ಶ್ರೀಮಂತರ ಮೋಜಿನ ದೋಣಿಗಳ ಶೋರೂಮ್. ಫ್ಯಾಕ್ಟರಿ ರೆಕಾರ್ಡ್ಸ್ ಅನ್ನೋ ಸಂಗೀತ ಕಂಪನಿ ಮತ್ತು ಅದರ ನ್ಯೂ ಆರ್ಡರ್ ಬ್ಯಾಂಡಿನವರು ದುಡ್ಡು ಹಾಕಿ 1982ರ ಮೇ 21ರಂದು ಕ್ಲಬ್ ತೆರೆದರು. ಎತ್ತರದ ಹಾಲ್, ಬ್ಯಾಂಡ್ ನುಡಿಸಿದರೆ ಸದ್ದೆಲ್ಲ ಕಲಸುಮೇಲೋಗರ. ಮೊದಲ ವರ್ಷಗಳಲ್ಲಿ ಎಷ್ಟೋ ರಾತ್ರಿ ಖಾಲಿ, ಬಂದವರೂ ಚಳಿಗೆ ಕೋಟು ಬಿಚ್ಚುತ್ತಿರಲಿಲ್ಲವಂತೆ. 1983ರಲ್ಲಿ ನ್ಯೂ ಆರ್ಡರ್‌ನ ‘ಬ್ಲೂ ಮಂಡೇ’ ಹಾಡಿನ ರೆಕಾರ್ಡು ಲಕ್ಷಗಟ್ಟಲೆ ಮಾರಾಟವಾಯಿತು. ಹಾಗೆ ಬಂದ ದುಡ್ಡು ತೂತು ಕೊಡಕ್ಕೆ ನೀರು ಸುರಿದ ಹಾಗೆ ಕ್ಲಬ್ಬಿಗೆ ಹೋಯಿತು.

ಆಮೇಲೆ ಮೈಕ್ ಪಿಕರಿಂಗ್, ಗ್ರೇಮ್ ಪಾರ್ಕ್ ಥರದ ಡೀಜೆಗಳು ಶಿಕಾಗೋದ ‘ಹೌಸ್’ ಅನ್ನೋ ಡಾನ್ಸ್ ಸಂಗೀತ ಹಾಕತೊಡಗಿದರು, 1988ರ ಬೇಸಿಗೆ ಹೊತ್ತಿಗೆ ಇಡೀ ಊರೇ ಅಲ್ಲಿ. ಎಡವಟ್ಟಾಗಿದ್ದು ಇಲ್ಲೇ. ಕ್ಲಬ್ ನಡೆಯೋದು ಬಾರ್‌ನ ದುಡ್ಡಿನಿಂದ ಅಲ್ವಾ? ಆದರೆ ಆ ಸಂಗೀತದ ಜೊತೆ ಬಂದಿದ್ದು ಎಕ್ಸ್ಟಸಿ ಅನ್ನೋ ಮಾದಕ ಗುಳಿಗೆ. ಅದನ್ನು ನುಂಗಿದವರಿಗೆ ಬಿಯರ್ ಬೇಡ, ಬರೀ ನೀರು ಸಾಕು. ಹಾಲ್ ಭರ್ತಿ, ಬಾರ್ ಖಾಲಿ. ಜಾಸ್ತಿ ದುಡ್ಡು ಮಾಡಿದ್ದು ಗುಳಿಗೆ ಮಾರಿದವರು. ಆ ದುಡ್ಡಿನ ಹಿಂದೆ ಗ್ಯಾಂಗುಗಳು ಬಂದವು, ಬಾಗಿಲಲ್ಲಿ ಬಂದೂಕು ತೋರಿಸುವಷ್ಟು ದೂರ ಹೋಯಿತು. 1989ರಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಅಲ್ಲಿ ಗುಳಿಗೆ ನುಂಗಿ ಸತ್ತಳು. ಆ ದಿನಗಳನ್ನು ಬರೀ ಮಜಾ ಅಂತ ಹೇಳುವವರು ಇದನ್ನು ನುಂಗಿಬಿಡುತ್ತಾರೆ, ನನಗೆ ಅದು ಸರಿ ಕಾಣೋಲ್ಲ. ಲೈಸೆನ್ಸಿಗೇ ಕುತ್ತು ಬಂತು. 1991ರಲ್ಲಿ ಕೆಲವು ತಿಂಗಳು ಬಾಗಿಲು ಹಾಕಿದರು. 1992ರಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್ ದಿವಾಳಿಯಾಯಿತು. 1997ರ ಜೂನ್‌ನಲ್ಲಿ ಕ್ಲಬ್ಬೂ ಮುಚ್ಚಿತು.

ಈಗ ಅಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟ್ ಇದೆ. ನ್ಯೂ ಆರ್ಡರ್‌ನ ಪೀಟರ್ ಹುಕ್ ಡಾನ್ಸ್ ಫ್ಲೋರಿನ ಮರದಿಂದ ಕೆಲವು ಬೇಸ್ ಗಿಟಾರ್ ಮಾಡಿಸಿಕೊಂಡರು, ಹಾಕಿದ ದುಡ್ಡಿಗೆ ಅಷ್ಟಾದರೂ ಸಿಕ್ಕಿತು ಅನ್ನಿ.

ನಾನಂತೂ ಅಲ್ಲಿ ಒಂದು ಕೋಕ್ ಹಿಡಿದುಕೊಂಡು ಇಡೀ ರಾತ್ರಿ ಕಳೆದವನು. ಬಾರ್‌ನಲ್ಲಿ ಎಷ್ಟು ಪೌಂಡ್ ಖರ್ಚು ಮಾಡಿದ್ರಿ ಅಂತ ನಿಮ್ಮ ಚಿಕ್ಕಪ್ಪನನ್ನೂ ಒಮ್ಮೆ ಕೇಳಿ ನೋಡಿ.