ಉಡುಪಿಯಲ್ಲಿದ್ದುಕೊಂಡು ಸ್ಪೋರ್ಟ್ ಟೂರಿಂಗ್ ಬೈಕ್ ತಗೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು. ಆರು ವರ್ಷದಿಂದ 150 ಸಿಸಿ ಬೈಕ್ ಓಡಿಸುತ್ತಿದ್ದೀರಿ. ಮನೆ ಉಡುಪಿ ಹತ್ತಿರ. ವಾರಕ್ಕೆ ಎರಡು ಮೂರು ಸಲ ಮಂಗಳೂರಿಗೆ ಹೋಗಬೇಕು, ರಜೆ ಸಿಕ್ಕಿದರೆ ಘಾಟಿ ಹತ್ತುವ ಆಸೆ. ವೇಗಕ್ಕೂ ದೂರದ ಪ್ರಯಾಣಕ್ಕೂ ಆಗುವ ದೊಡ್ಡ ಬೈಕ್ ಬೇಕು, ಕೈಯಲ್ಲಿ ಒಂಬತ್ತು ಲಕ್ಷ ಉಂಟು. ಕವಾಸಾಕಿ ನಿಂಜಾ 650 ತಗೊಳ್ಳಲಾ, ವರ್ಸಿಸ್ 650 ತಗೊಳ್ಳಲಾ, ಅಥವಾ ಈ ಮಳೆಯ ಊರಿನಲ್ಲಿ ಇದೆಲ್ಲ ಸುಮ್ನೆ ಹುಚ್ಚಾ ಅಂತ.

ನಾನು ಸುರತ್ಕಲ್ ಕಡೆಯವನು. ನಿಂಜಾ 650 ತಗೊಂಡು ಎರಡು ಮಳೆಗಾಲ ಕಳೆದಿದ್ದೇನೆ. ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಎರಡರಲ್ಲಿ ಯಾವುದು ಅಂತ ಯೋಚಿಸುವಾಗ ಹೆದ್ದಾರಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅಲ್ಲಿ ಎರಡೂ ಚೆನ್ನಾಗಿಯೇ ಓಡುತ್ತವೆ. ನಿಮ್ಮ ಮನೆಯ ಅಂಗಳದಿಂದ ಹೆದ್ದಾರಿಯವರೆಗಿನ ದಾರಿಯನ್ನು ಒಮ್ಮೆ ನಡೆದುಕೊಂಡು ಹೋಗಿ ನೋಡಿ ಬನ್ನಿ. ಏರು ಎಷ್ಟು, ಹಂಪ್ ಎಷ್ಟು, ಜಲ್ಲಿ ಎಲ್ಲಿ, ಮಳೆ ನೀರು ಎಲ್ಲಿ ಹರಿಯುತ್ತದೆ. ನಮ್ಮ ಊರಿನಲ್ಲಿ ದೊಡ್ಡ ಬೈಕಿನ ಪರೀಕ್ಷೆ ನಡೆಯುವುದು ಅಲ್ಲಿ.

ನನಗೆ ಇದು ಗೊತ್ತಾದದ್ದು ತಡವಾಗಿ. ಮೊದಲ ಜುಲೈ. ನಮ್ಮ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು, ಸಿಮೆಂಟ್ ಹಾಕಿದ್ದು. ಮಳೆ ಶುರುವಾಗಿ ಒಂದು ತಿಂಗಳಾದರೆ ಹಾವಸೆ ಹೇಗೆ ಹಿಡಿಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೈಕ್ ಮೇಲೆ ಕೂತು ಕಾಲಿನಲ್ಲಿ ಹಿಂದಕ್ಕೆ ತಳ್ಳುತ್ತಿದ್ದೆ. ಎಡಗಾಲು ಜಾರಿತು. ಇಂಜಿನ್ ಇನ್ನೂ ಸ್ಟಾರ್ಟ್ ಕೂಡ ಆಗಿರಲಿಲ್ಲ! ನಿಂಜಾ ತೂಕ 196 ಕೆಜಿ, ಅಂದರೆ ಹೆಚ್ಚುಕಮ್ಮಿ ನಾಲ್ಕು ಮೂಟೆ ಸಿಮೆಂಟ್. ಒಂದು ಹಂತ ದಾಟಿ ವಾಲಿದ ಮೇಲೆ ಹಿಡಿಯಲು ಹೋಗಬಾರದು, ಸೊಂಟ ಹೋಗುತ್ತದೆ. ಬಿಟ್ಟೆ. ಕ್ಲಚ್ ಲಿವರ್ ಮುರಿಯಿತು, ಕನ್ನಡಿ ಹೋಯಿತು, ಫೇರಿಂಗ್ (ಬೈಕಿನ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಮೇಲೆ ಉದ್ದಕ್ಕೆ ಗೀರು. ಪಕ್ಕದ ಮನೆಯವರು ಬಂದು ಎತ್ತಲು ಕೈ ಹಾಕಿದರು. ಎತ್ತಿ ನಿಲ್ಲಿಸಿ, ಪಂಚೆಗೆ ಕೈ ಒರೆಸಿಕೊಳ್ಳುತ್ತಾ, "ಇದರಲ್ಲಿ ಒಂದು ಬಾಳೆಗೊನೆ ಕಟ್ಟಿಕೊಂಡು ಬರಲಿಕ್ಕೆ ಆಗ್ತದಾ ಮಾರಾಯ?" ಅಂತ ಕೇಳಿದರು. ಆಗುವುದಿಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ, ಮನೆಯ ಸ್ಕೂಟರ್ ಮಾರಬೇಡಿ.

ಆ ಲಿವರ್ ಬರಲು ಐದು ವಾರ ಆಯಿತು. ಹಾಗಾಗಿ ಬುಕ್ ಮಾಡುವ ಮೊದಲು ಶೋರೂಮಿನಲ್ಲಿ ಮೈಲೇಜ್ ಕೇಳಬೇಡಿ, ಕ್ಲಚ್ ಲಿವರ್, ಬ್ರೇಕ್ ಲಿವರ್, ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್ ಇವತ್ತು ಸ್ಟಾಕ್ ಉಂಟಾ ಅಂತ ಕೇಳಿ. ಎರಡು ಲಿವರ್ ಮೊದಲೇ ತಗೊಂಡು ಸೀಟಿನ ಕೆಳಗೋ ಕಪಾಟಿನಲ್ಲೋ ಇಟ್ಟುಬಿಡಿ. ಈಗ ನಾನು ಬೈಕನ್ನು ಮುಖ ಗೇಟಿನ ಕಡೆ ಮಾಡಿಯೇ ನಿಲ್ಲಿಸುತ್ತೇನೆ. ತಿಂಗಳಿಗೊಮ್ಮೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತೇನೆ. ಬೈಕಿನ ದೆಸೆಯಿಂದ ಅಂಗಳ ಬೆಳ್ಳಗಾಯಿತು ಅಂತ ಅಮ್ಮನಿಗೆ ಖುಷಿ.

ಈಗ ನಿಮ್ಮ ಎರಡು ಬೈಕುಗಳಿಗೆ ಬರೋಣ. ಎರಡಕ್ಕೂ ಇರುವುದು ಮೂಲದಲ್ಲಿ ಒಂದೇ ಇಂಜಿನ್, 649 ಸಿಸಿ, ಎರಡು ಸಿಲಿಂಡರ್. ವ್ಯತ್ಯಾಸ ಇರುವುದು ನಿಲುವಿನಲ್ಲಿ. ನಿಂಜಾದ ಸೀಟ್ ಎತ್ತರ 790 ಮಿಮೀ, ನೆಲಕ್ಕೂ ಹೊಟ್ಟೆಗೂ ಅಂತರ 130 ಮಿಮೀ. ವರ್ಸಿಸ್ ಸೀಟ್ 845 ಮಿಮೀ, ಅಂತರ 170 ಮಿಮೀ, ತೂಕ ನಿಂಜಾಕ್ಕಿಂತ 20 ಕೆಜಿಗೂ ಜಾಸ್ತಿ. ಪೆಟ್ರೋಲ್ ಟ್ಯಾಂಕ್ ನಿಂಜಾದ್ದು 15 ಲೀಟರ್, ವರ್ಸಿಸ್‌ದು 21.

ನಾನು ಐದು ಅಡಿ ಆರು ಇಂಚು. ನಿಂಜಾದಲ್ಲಿ ಎರಡೂ ಪಾದ ಊರುತ್ತವೆ, ಆದರೂ ಬಿದ್ದೆ. ವರ್ಸಿಸ್‌ನಲ್ಲಿ ತುದಿಗಾಲು. ಆದರೆ ನಿಂಜಾದ ಸೈಲೆನ್ಸರ್ ಹೊಟ್ಟೆಯ ಕೆಳಗೇ ಇರುವುದು. ನಮ್ಮ ಪಂಚಾಯತ್ ರಸ್ತೆಗಳಲ್ಲಿ ಯಾರ‍್ಯಾರೋ ತಮ್ಮ ಮನೆ ಎದುರು ಕಾಂಕ್ರೀಟ್ ಸುರಿದು ಮಾಡಿದ ಹಂಪ್ ಇರುತ್ತದಲ್ಲ, ಅದಕ್ಕೆ ಗರಕ್ ಅಂತ ತಾಗುತ್ತದೆ. ಹಿಂದೆ ಜನ ಕೂತಿದ್ದರೆ ಖಂಡಿತ. ಓರೆಯಾಗಿ ಹತ್ತಿಸಿ ಇಳಿಸುವುದು ನನಗೆ ಅಭ್ಯಾಸವಾಗಿದೆ. ಆದ್ದರಿಂದ ನಿಮ್ಮ ದಾರಿಯಲ್ಲಿ ಏರು, ತಿರುವು, ಜಾರು ಜಾಸ್ತಿ ಇದ್ದು ಕಾಲು ಊರಬೇಕಾದ ಜಾಗ ತುಂಬಾ ಇದ್ದರೆ ನಿಂಜಾ. ಹಂಪ್ ಮತ್ತು ಹೊಂಡ ಜಾಸ್ತಿ ಇದ್ದು ನೀವು ಐದು ಅಡಿ ಎಂಟು ಇಂಚಿನ ಮೇಲಿದ್ದರೆ ವರ್ಸಿಸ್. ಹೆಂಡತಿಯೂ ಬರುವುದಾದರೆ ಎರಡು ಮಾತಿಲ್ಲ, ವರ್ಸಿಸ್. ನನ್ನವಳು ನಿಂಜಾದ ಹಿಂದಿನ ಸೀಟಿನಲ್ಲಿ ಒಂದೇ ಸಲ ಆಗುಂಬೆಗೆ ಬಂದದ್ದು. ವಾಪಸ್ ಸೋಮೇಶ್ವರಕ್ಕೆ ಇಳಿದಾಗ "ಇಲ್ಲಿಂದ ಬಸ್ ಎಷ್ಟು ಗಂಟೆಗೆ?" ಅಂತ ಕೇಳಿದಳು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕುಗಳಿಗೆ ಜಿಎಸ್‌ಟಿ 40 ಪ್ರತಿಶತ. ನಾನು ತಗೊಳ್ಳುವಾಗ ಸೆಸ್ ಸೇರಿ 31 ಇತ್ತು. ಅದು ಎಕ್ಸ್ ಶೋರೂಂ ಬೆಲೆಯ ಒಳಗೇ ಇರುತ್ತದೆ. ಹೊಟ್ಟೆ ಉರಿಯುವುದು ನಂತರ. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ದ್ವಿಚಕ್ರಕ್ಕೆ ಆಜೀವ ತೆರಿಗೆ 18 ಪ್ರತಿಶತ, ಸೆಸ್ ಸೇರಿದರೆ ಸುಮಾರು 20. ಎಂಟು ಲಕ್ಷದ ಬೈಕಿಗೆ ಒಂದು ಲಕ್ಷ ಅರುವತ್ತು ಸಾವಿರ ಅಲ್ಲೇ ಹೋಯಿತು. ಮೇಲೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಂದರೆ ಒಂಬತ್ತು ಲಕ್ಷ ನಿಮ್ಮ ಕೊನೆಯ ಮೊತ್ತ ಆಗಿದ್ದರೆ ಎಕ್ಸ್ ಶೋರೂಂ ಏಳರ ಆಸುಪಾಸಿನಲ್ಲಿ ಇರಬೇಕು. ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿ ಇಲ್ಲಿ ಓಡಿಸುವ ಐಡಿಯಾ ಯಾರಾದರೂ ಕೊಡುತ್ತಾರೆ. ಬೇಡ. KA 20 ಊರಿನಲ್ಲಿ ಹೊರಗಿನ ನಂಬರಿನ ದೊಡ್ಡ ಬೈಕನ್ನು ಪೊಲೀಸರು ಸುಮ್ನೆ ಬಿಡುವುದಿಲ್ಲ.

ಇನ್ನು ಓಡಿಸುವುದು. ಹೊಸ ಇಂಜಿನ್ ಪಳಗಬೇಕು, ಮೊದಲ 800 ಕಿಮೀ 4,000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ದಾಟಬಾರದು, 1,600ರವರೆಗೆ 6,000. ಬೇಜಾರು ಮಾಡಿಕೊಳ್ಳಬೇಡಿ, 4,000ದಲ್ಲೇ ಆರನೇ ಗೇರಿನಲ್ಲಿ 80ರ ಹತ್ತಿರ ಹೋಗುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಇಟ್ಟಿರುವ ಗರಿಷ್ಠ ವೇಗವೂ ಅಷ್ಟೇ. ಹೊಸ ಟೈರ್ ಮೊದಲ ನೂರೈವತ್ತು ಇನ್ನೂರು ಕಿಲೋಮೀಟರ್ ಜಾರುತ್ತದೆ, ಆಗ ತಿರುವಿನಲ್ಲಿ ಬಗ್ಗಿಸುವ ಆಟ ಬೇಡ.

ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅರುವತ್ತು ಕಿಲೋಮೀಟರ್. ಆ ದಾರಿಯಲ್ಲಿ ನಾನು ಹೆದರುವುದು ಎಕ್ಸ್‌ಪ್ರೆಸ್ ಬಸ್ಸಿಗೆ ಅಲ್ಲ. ಅದು ಹಾರ್ನ್ ಹೊಡೆದುಕೊಂಡೇ ಬರುತ್ತದೆ, ಬಿಟ್ಟುಕೊಟ್ಟರೆ ಮುಗಿಯಿತು. ಹೆದರುವುದು ಮೀನಿನ ಲಾರಿಗೆ. ಮಲ್ಪೆಯಿಂದಲೋ ಮಂಗಳೂರು ದಕ್ಕೆಯಿಂದಲೋ (ಮೀನುಗಾರಿಕೆ ಬಂದರು) ಹೊರಟ ಲಾರಿಯ ಹಿಂದೆ ನೀರು ಸುರಿಯುತ್ತಾ ಇರುತ್ತದೆ. ಐಸ್ ಕರಗಿದ ನೀರು, ಅದರಲ್ಲಿ ಮೀನಿನ ಜಿಡ್ಡು. ಒಣ ರಸ್ತೆಯಲ್ಲಿ ಒಂದು ಒದ್ದೆ ಗೆರೆ ಕಂಡರೆ ಅದರ ಮೇಲೆ ಬ್ರೇಕ್ ಹಿಡಿಯಬೇಡಿ. ವಾಸನೆ ಬಂದಾಗಲೇ ವೇಗ ಇಳಿಸುವುದು ನನ್ನ ಉಪಾಯ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗಿಂತ ಮೊದಲು ಮೂಗು ಕೆಲಸ ಮಾಡುತ್ತದೆ. ಇನ್ನೊಂದು, ಮುಲ್ಕಿ, ಪಡುಬಿದ್ರಿ, ಕಾಪು ಹತ್ತಿರ ಯೂ ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್‌ಗಳು.

ಇಂಜಿನ್ ಬಿಸಿಯ ಬಗ್ಗೆಯೂ ಒಂದು ಮಾತು. ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಟ್ರಾಫಿಕ್‌ಗೆ ಸಿಕ್ಕಿಕೊಂಡರೆ ಯಾವ ದೊಡ್ಡ ಇಂಜಿನ್ ಆದರೂ ಫ್ಯಾನ್ ತಿರುಗಿ ಬಿಸಿ ಗಾಳಿ ಬರುತ್ತದೆ. ನಾನು ಬೆಳಿಗ್ಗೆ ಏಳೂವರೆ ಒಳಗೆ ಕುಳೂರು ಸೇತುವೆ ದಾಟುತ್ತೇನೆ, ಅಷ್ಟೇ ಪರಿಹಾರ. ಜೋರು ಮಳೆಯ ದಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿದೆ ಅಂತ ಸುದ್ದಿ ಬಂದರೆ ಬಸ್ಸಿನಲ್ಲೇ ಹೋಗುತ್ತೇನೆ.

ಘಾಟಿಗೆ ಅಕ್ಟೋಬರ್ ನಂತರ ಹೊರಡಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳು ತುಂಬಾ ಕಿರಿದು, ಮೇಲಿಂದ ಬರುವ ಮಿನಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಕೆಳಗಿನ ಗೇರಿನಲ್ಲಿ ನಿಧಾನ ಹತ್ತಿ. ಈ ಬೈಕಿನ ನಿಜವಾದ ಸುಖ ಇರುವುದು ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ದಾರಿಯಲ್ಲಿ. ಅಲ್ಲಿ ತಿರುವುಗಳು ಉದ್ದ, ಮೂರನೇ ನಾಲ್ಕನೇ ಗೇರಿನಲ್ಲೇ ನಡೆಯುತ್ತದೆ, ಇಂಜಿನ್ ತಾನೇ ಎಳೆದುಕೊಂಡು ಹೋಗುತ್ತದೆ. ಹೋದವನು ಕಳಸದಲ್ಲಿ ಚಹಾ ಕುಡಿದು ಬರುತ್ತೇನೆ. ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿ, ಚೆಕ್‌ಪೋಸ್ಟ್ ಉಂಟು, ರಾತ್ರಿ ಬಿಡುವುದಿಲ್ಲ. ಬೆಳಕಿರುವಾಗಲೇ ವಾಪಸ್ ಹೊರಡಿ.

ಕಡಲ ಗಾಳಿಗೆ ಬೋಲ್ಟ್, ಚೈನ್ ಎಲ್ಲ ತುಕ್ಕು. ಮಳೆಗಾಲದಲ್ಲಿ 300 ಕಿಮೀಗೆ ಒಮ್ಮೆ ಚೈನ್ ಒರೆಸಿ ಲ್ಯೂಬ್ ಹಾಕುತ್ತೇನೆ. ಮರವಂತೆಯಲ್ಲಿ ಫೋಟೋ ತೆಗೆಯಲು ಅಲೆಯ ಹತ್ತಿರ ನಿಲ್ಲಿಸಿದ್ದರೆ ಅದೇ ಸಂಜೆ ಸಿಹಿ ನೀರಿನಲ್ಲಿ ತೊಳೆಯಿರಿ.

ಕೊನೆಗೆ ಡೆಲಿವರಿ. ಆಯುಧ ಪೂಜೆಯ ದಿನವೇ ಬೇಕು ಅಂತ ಹಠ ಮಾಡಬೇಡಿ. ನಾನು ಮಾಡಿದ್ದೆ. ಅವತ್ತು ಶೋರೂಮಿನಲ್ಲಿ ಜಾತ್ರೆ, ಯಾರಿಗೂ ಪುರುಸೊತ್ತಿಲ್ಲ. ಕುಂಭಾಶಿಯ ಆನೆಗುಡ್ಡೆಗೆ ಪೂಜೆಗೆ ಅಂತ ಹೋಗುವಾಗ ಸಣ್ಣ ಸಣ್ಣ ಹೊಂಡಕ್ಕೂ ಬೈಕ್ ಕಲ್ಲಿನ ಹಾಗೆ ಕುಕ್ಕುತ್ತಿತ್ತು. ದಾರಿಯಲ್ಲಿ ಬಂಕಿನಲ್ಲಿ ನೋಡಿದರೆ ಎರಡೂ ಟೈರಿನಲ್ಲಿ 45 ಪಿಎಸ್‌ಐ ಗಾಳಿ. ಇರಬೇಕಾದದ್ದು ಮುಂದೆ 32, ಹಿಂದೆ 36. ಹಬ್ಬ ಕಳೆದು ಎರಡು ದಿನ ಬಿಟ್ಟು, ಬೆಳಿಗ್ಗೆ ಹೋಗಿ, ಟೈರಿನ ಗಾಳಿ ಅಳೆಯುವ ಗೇಜ್ ಕಿಸೆಯಲ್ಲಿ ಇಟ್ಟುಕೊಂಡೇ ಹೋಗಿ.