ಬೀಳಲಿಲ್ಲ, ಹೋದ

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ನೀವು ಹೊಗಳಿದಿರಿ ಅಂತ “ಲೈಫ್ ಆನ್ ಮಾರ್ಸ್” ಧಾರಾವಾಹಿಯ 16 ಕಂತನ್ನೂ ನೋಡಿದೆವು. ಕೊನೆಗೆ ಆ ಪೊಲೀಸಪ್ಪ ಮಹಡಿಯಿಂದ ಹಾರಿದ. ಸತ್ತ ಅಂತ ನಾನು. “ಬೀಳಲಿಲ್ರೀ, ಹೋದ” ಅಂತ ನಮ್ಮ ಮನೆಯವರು. ಎರಡು ದಿನದಿಂದ ಮಾತಿಲ್ಲ. ಸಾವನ್ನು ಸುಖಾಂತ್ಯ ಮಾಡಿದ್ದು ಸರಿಯೇ?’

ಮೇಷ್ಟ್ರೇ, ಸಂಸಾರ ಕೆಡಿಸಿದ ಪಾಪ ನನಗೆ ಬೇಡ. ಆದರೆ ನನ್ನ ಓಟು ಅಮ್ಮನವರಿಗೇ. (ಇನ್ನೂ ನೋಡದವರು ಪುಟ ಮಗುಚಿಬಿಡಿ.)

ಈ ಬ್ರಿಟಿಷ್ ಧಾರಾವಾಹಿಯಲ್ಲಿ 2006ರಲ್ಲಿ ಕಾರು ಬಡಿದು ಬಿದ್ದ ಪೊಲೀಸ್ ಅಧಿಕಾರಿ ಸ್ಯಾಮ್ ಟೈಲರ್ ಕಣ್ಣುಬಿಡುವುದು 1973ರ ಮ್ಯಾಂಚೆಸ್ಟರಿನಲ್ಲಿ. ಹುಚ್ಚೋ, ಕೋಮಾವೋ, ನಿಜಕ್ಕೂ ಕಾಲ ಹಿಂದಕ್ಕೆ ಸರಿಯಿತೋ ಅವನಿಗೂ ತಿಳಿಯದು. 2006ರ ಆಸ್ಪತ್ರೆಯ ಡಾಕ್ಟರುಗಳ ದನಿ ಟೀವಿ, ರೇಡಿಯೋಗಳಿಂದ ಕೇಳುತ್ತಿರುತ್ತದೆ. ಅದೇ 1973ರಲ್ಲಿ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಊರಲ್ಲಿ ಒಂದು ಮನೆಯಲ್ಲೂ ಟೀವಿ ಇರಲಿಲ್ಲ. ನಮ್ಮ ದಿನವನ್ನು ಅಳೆಯುತ್ತಿದ್ದುದು ಕಾಟನ್ ಮಿಲ್ಲಿನ ಸೈರನ್. ಇವತ್ತು ಯಾರಾದರೂ ನನ್ನನ್ನು ಅಲ್ಲಿ ಇಳಿಸಿದರೆ ವಾಪಸು ಬರುತ್ತೇನೆಂಬ ಭರವಸೆ ನನಗಿಲ್ಲ. ಹಾಗಾಗಿ ನನ್ನ ತೀರ್ಪಿನಲ್ಲಿ ಪಕ್ಷಪಾತ ಇದೆ, ಒಪ್ಪಿದೆ.

ಈಗ ಕೊನೆಯ ಕಂತಿಗೆ ಬನ್ನಿ. ಸ್ಯಾಮ್‌ಗೆ 2006ರಲ್ಲಿ ಎಚ್ಚರವಾಗಿದೆ, ಬೇಕೆಂದಿದ್ದ ಕಾಲ ಸಿಕ್ಕಿದೆ. ಮೀಟಿಂಗಿನಲ್ಲಿ ಕೂತಿದ್ದಾನೆ, ಹೆಬ್ಬೆರಳು ಕುಯ್ದು ರಕ್ತ ಬರುತ್ತಿದೆ, ಅವನಿಗೆ ಗೊತ್ತೇ ಆಗಿಲ್ಲ. ನೋವಾದರೆ ಬದುಕಿದ್ದೀಯ ಅಂತ, ಏನೂ ಅನ್ನಿಸದಿದ್ದರೆ ಇಲ್ಲ ಅಂತ, ಇದು ಆ 1973ರ ಹೆಂಡದಂಗಡಿಯವನು ಹೇಳಿದ್ದ ಮಾತು. ಜೊತೆಗೆ ಸುರಂಗದಲ್ಲಿ ಗುಂಡೇಟಿನ ನಡುವೆ ತಾನು ಕೈಬಿಟ್ಟು ಬಂದ ಸಂಗಡಿಗರು. ಕಥೆಯ ಕೀಲಿ ಇಷ್ಟೇ, ಹಾರಿದ್ದಲ್ಲ. ಆ ಬೆರಳನ್ನು ಗಮನಿಸದೆ ಮಹಡಿಯನ್ನಷ್ಟೇ ನೋಡಿದರೆ ನಿಮಗಾದಂತೆ ಕಸಿವಿಸಿಯಾಗುತ್ತದೆ.

ಹಾಗಂತ ನಿಮ್ಮ ಕಸಿವಿಸಿ ಸುಳ್ಳಲ್ಲ. ಹಾರುವಾಗ ಅವನ ಮುಖದಲ್ಲಿ ನಗು ಇಟ್ಟಿದ್ದು ನನಗೂ ಸ್ವಲ್ಪ ಹೆಚ್ಚಾಯಿತು ಅನ್ನಿಸಿದೆ. ಕಂಪನಿ ನಾಟಕದ ಮಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಮುಗಿಸುವುದನ್ನು ನೋಡಿ ಬೆಳೆದವರು ನಾವು. ಇಲ್ಲಿ ಹಾರಿದ ಸ್ಯಾಮ್ ಮತ್ತೆ 1973ರಲ್ಲಿ ಸಂಗಡಿಗರ ಜೊತೆ ಇದ್ದಾನೆ, ಕಾರಿನ ರೇಡಿಯೋದಲ್ಲಿ ‘ಉಳಿಸಿಕೊಳ್ಳಲಾಗುತ್ತಿಲ್ಲ’ ಎಂಬ ದನಿ ಬರುತ್ತದೆ, ಸ್ಯಾಮ್ ಸ್ಟೇಷನ್ ಬದಲಿಸುತ್ತಾನೆ. ಆಮೇಲೆ, ಟೀವಿಯ ಪರೀಕ್ಷಾ ಚಿತ್ರದಿಂದ ಬಂದು ಅವನನ್ನು ಕಾಡುತ್ತಿದ್ದ ಪುಟ್ಟ ಹುಡುಗಿ ನಮ್ಮ ಕಡೆಗೇ ಕೈ ಚಾಚಿ ಟೀವಿ ಆರಿಸುತ್ತಾಳೆ. ಕೈಮುಗಿಯುವುದಕ್ಕೂ ಪುರಸೊತ್ತಿಲ್ಲ!

ಅಮೆರಿಕದವರು ಇದನ್ನೇ ಮತ್ತೆ ತೆಗೆದು, ಎಲ್ಲವೂ ಮಂಗಳ ಗ್ರಹಕ್ಕೆ ಹೊರಟ ಗಗನಯಾತ್ರಿಯ ಕನಸು ಅಂತ ಮುಗಿಸಿದರು. ಒಗಟು ಬಿಡಿಸಿಕೊಟ್ಟು ರುಚಿ ಕಿತ್ತುಕೊಂಡರು.

ಮುಂದುವರಿದ ಭಾಗ ‘ಆಶಸ್ ಟು ಆಶಸ್’ ಬೇರೆ ಇದೆ, 2008ರಿಂದ 2010ರವರೆಗೆ 24 ಕಂತು. ಅದರ ಕೊನೆಯಲ್ಲಿ ಆ ಲೋಕ ಸತ್ತ ಪೊಲೀಸರು ಮುಂದಕ್ಕೆ ಹೋಗುವ ಮೊದಲು ತಂಗುವ ಜಾಗ ಅಂತ ಬಯಲಾಗುತ್ತದೆ. ಅಂದರೆ ಸ್ಯಾಮ್ ಸತ್ತದ್ದೂ ಹೌದು, ಹೋದದ್ದೂ ಹೌದು. ನನಗೆ ಅಷ್ಟು ವಿವರಣೆ ಬೇಕಿರಲಿಲ್ಲ, ಆದರೆ ನಿಮ್ಮ ಮನೆಗೆ ಈಗ ಅದೇ ಬೇಕು. ಅಮ್ಮನವರ ಜೊತೆಯೇ ಕೂತು ನೋಡಿ, ಮಾತು ಶುರುವಾದ ಮೇಲೆ ಒಂದು ಕಾರ್ಡು ಹಾಕಿ.

— ಸಂ.